ಡ್ರೋನಿಗೆ ನಂಬರು ಬೇಡ ಎನ್ನುವವರಿಗೆ

ಮದುವೆ ಇರಲಿ, ಜಾತ್ರೆ ಇರಲಿ, ಹೊಳೆದಂಡೆ ಇರಲಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಈಗ ತಲೆಯ ಮೇಲೆ ಡ್ರೋನ್ ಗುಂಯ್‌ಗುಡುವುದು ಹೊಸ ಮಾತಲ್ಲ. ಅದರಿಂದ ಆದ ಉಪಕಾರವನ್ನೂ ನಾವು ಮರೆಯಬಾರದು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಬಂದಾಗ ಎಷ್ಟು ಹೊಲ, ಎಷ್ಟು ಮನೆ ನೀರಿನಡಿ ಹೋದವು ಎಂಬುದು ಹೊರಗಿನವರ ಮನಸ್ಸಿಗೆ ನಾಟಿದ್ದು ಮೇಲಿನಿಂದ ತೆಗೆದ ಚಿತ್ರಗಳಿಂದ. ಡ್ರೋನ್ ಬೇಡ ಎಂಬ ವಾದ ನನ್ನದಲ್ಲ. ಖುಷಿಗೆಂದು, ಹವ್ಯಾಸಕ್ಕೆಂದು ಹಾರಿಸುವ ಡ್ರೋನಿನ ಹೊರಮೈಮೇಲೆ ಅದರ ನೋಂದಣಿ ಸಂಖ್ಯೆ ಕಣ್ಣಿಗೆ ಕಾಣುವಂತೆ ಇರಬೇಕು ಎಂಬುದಷ್ಟೇ ನನ್ನ ಬೇಡಿಕೆ. ಇಷ್ಟು ಸಣ್ಣ ಮಾತಿಗೆ ಎದುರಾಗುವ ಆಕ್ಷೇಪಗಳು ಮಾತ್ರ ಸಣ್ಣವಲ್ಲ. ಕೆಲವಕ್ಕೆ ತೂಕವಿದೆ, ಕೆಲವು ನೆಪ. ಎರಡಕ್ಕೂ ಉತ್ತರ ಕೊಡುತ್ತೇನೆ.

ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಬರುವ ಆಕ್ಷೇಪ ಇದು: "ನಂಬರ್ ಬರದ್ರ ನಮ್ಮ ಮನಿ ವಿಳಾಸ ಊರಿಗೆಲ್ಲ ಗೊತ್ತಾಗತೈತಿ. ನಮಗೂ ಖಾಸಗಿತನ ಐತಿಲ್ರಿ?" ಇದೆ, ಖಂಡಿತ ಇದೆ. ಈ ಭಯ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. ಅಮೆರಿಕದಲ್ಲಿ 2015ರ ಡಿಸೆಂಬರ್ 21ರಂದು ಹವ್ಯಾಸಿ ಡ್ರೋನುಗಳ ನೋಂದಣಿ ಶುರುವಾದಾಗ ಅಲ್ಲಿಯ ಹಾರಾಟಗಾರರು ಎತ್ತಿದ ದೊಡ್ಡ ಪ್ರಶ್ನೆ ಇದೇ: ನಮ್ಮ ಹೆಸರು, ವಿಳಾಸ ಯಾರು ಬೇಕಾದರೂ ಹುಡುಕಿ ನೋಡುವಂತಾದರೆ ಗತಿಯೇನು? ಹೆಚ್ಚಿನವರ ವಿಳಾಸ ಅವರ ಮನೆಯದೇ, ಮನೆಯಲ್ಲಿ ಹೆಂಡತಿ ಮಕ್ಕಳಿರುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ನೋಂದಣಿಯ ದಾಖಲೆ. ಡ್ರೋನಿನ ಮೈಮೇಲಿನ ಅಕ್ಷರಗಳು ತಾವಾಗಿ ಯಾರ ವಿಳಾಸವನ್ನೂ ಹೇಳುವುದಿಲ್ಲ. ದಾಖಲೆಯ ಬಾಗಿಲನ್ನು ಯಾರಿಗೆ, ಯಾವ ಕಾರಣಕ್ಕೆ ತೆರೆಯಬೇಕು ಎಂಬುದರ ಮೇಲೆ ನಿಮ್ಮ ಗುಟ್ಟು ನಿಂತಿದೆ. ನಮ್ಮ ಬೈಕು, ಟ್ರ್ಯಾಕ್ಟರುಗಳನ್ನೇ ನೋಡಿ. ಕೆಎ-48 ಎಂದು ಕಂಡರೆ ಜಮಖಂಡಿಯ ಗಾಡಿ, ಕೆಎ-29 ಎಂದರೆ ಬಾಗಲಕೋಟೆಯದು ಎಂದು ಎಲ್ಲರಿಗೂ ತಿಳಿಯುತ್ತದೆ. ಸವಾರ ಯಾವ ಓಣಿಯವನು ಎಂದು ತಿಳಿಯುವುದಿಲ್ಲ. ಮೊಬೈಲಿನ ಪರಿವಾಹನ್ ಆ್ಯಪ್‌ನಲ್ಲಿ ನಂಬರು ಹಾಕಿದರೂ ಮಾಲೀಕರ ಹೆಸರಿನ ಕೆಲವು ಅಕ್ಷರಗಳು ಮಾತ್ರ ಕಾಣುತ್ತವೆ, ಉಳಿದಲ್ಲಿ ಚುಕ್ಕಿಗಳು. ದಿನವೂ ಸಂತೆಗೆ, ಸಕ್ಕರೆ ಕಾರ್ಖಾನೆಗೆ, ಶಾಲೆಗೆ ನಂಬರು ಹೊತ್ತ ಗಾಡಿಯಲ್ಲೇ ಹೋಗಿ ಬರುವ ನಾವು ಅದರಿಂದ ನಮ್ಮ ಮಾನ ಹೋಯಿತೆಂದು ಎಂದೂ ಅಂದುಕೊಂಡಿಲ್ಲ.

ಯುರೋಪಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ 2020ರ ಡಿಸೆಂಬರ್ 31ರಿಂದ ಜಾರಿಗೆ ಬಂದ ನಿಯಮದಂತೆ ಹಾರಿಸುವವರ ನೋಂದಣಿ ಸಂಖ್ಯೆ ಡ್ರೋನಿನ ಮೇಲೆ ಇರಲೇಬೇಕು. ಆದರೆ ಆ ಸಂಖ್ಯೆಯ ಕೊನೆಯ ಮೂರು ಅಕ್ಷರಗಳು ಗುಟ್ಟಿನವು. ಅವನ್ನು ಡ್ರೋನಿನ ಮೇಲೆ ಬರೆಯುವಂತಿಲ್ಲ. ಹಾಗಾಗಿ ಯಾರೋ ದಾರಿಹೋಕ ನಿಮ್ಮ ನಂಬರನ್ನು ನೋಡಿಕೊಂಡು ತನ್ನ ಡ್ರೋನಿಗೆ ಅದನ್ನೇ ತುಂಬಿಸಿಕೊಳ್ಳಲು ಬರುವುದಿಲ್ಲ. ಖಾಸಗಿತನವನ್ನೂ ಹೊಣೆಗಾರಿಕೆಯನ್ನೂ ಒಟ್ಟಿಗೆ ಉಳಿಸಿಕೊಳ್ಳಲು ದಾರಿ ಇದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ನಮ್ಮಲ್ಲೂ ಹೀಗೆಯೇ ಮಾಡಿ ಎಂದು ನೀವು ಕೇಳಿದರೆ ನಾನು ನಿಮ್ಮ ಜೊತೆ ನಿಲ್ಲುತ್ತೇನೆ. ದಾಖಲೆಯನ್ನು ಪೊಲೀಸರು ನೋಡಬೇಕಾದರೂ ದೂರು ದಾಖಲಾಗಿರಬೇಕು, ಯಾರು ನೋಡಿದರು, ಎಂದು ನೋಡಿದರು ಎಂಬುದು ಬರಹದಲ್ಲಿ ಉಳಿಯಬೇಕು. ನೀವು ಹಟ ಹಿಡಿಯಬೇಕಾದ ಜಾಗ ಅದು.

ಇನ್ನು ಖಾಸಗಿತನ ಎಂದಾಗ ನನಗೆ ಮೊದಲು ನೆನಪಾಗುವುದು ಕೆಳಗಿರುವವರದು. ನಮ್ಮ ಕಡೆ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಾರೆ. ಹೆಣ್ಣುಮಕ್ಕಳು ಶ್ಯಾವಿಗೆ, ಸಂಡಿಗೆ, ಹಪ್ಪಳ ಒಣಗಿಸುವುದೂ, ತಲೆ ಒಣಗಿಸಿಕೊಂಡು ಕೂತು ಮಾತಾಡುವುದೂ ಅಲ್ಲಿಯೇ. ಎಷ್ಟೋ ಹಳ್ಳಿಮನೆಗಳ ಬಚ್ಚಲಿಗೆ ಹಿತ್ತಲಲ್ಲಿ ಮೂರು ಕಡೆ ತಟ್ಟಿ ಇದೆ, ಮೇಲೆ ಸೂರಿಲ್ಲ. ಕೃಷ್ಣೆಯ ದಂಡೆಯಲ್ಲಿ ಬಟ್ಟೆ ಒಗೆಯುವವರು, ಸ್ನಾನ ಮಾಡುವವರು ಇದ್ದಾರೆ. ಈ ಬದುಕಿನಲ್ಲಿ ಗೋಡೆ ಎಂದರೆ ಬೀದಿಯ ಕಡೆಗೆ ಇರುವ ಗೋಡೆ. ಆಕಾಶದ ಕಡೆಯಿಂದ ಯಾರೋ ಇಣುಕಬಹುದೆಂದು ನಮ್ಮ ಹಿರಿಯರು ಮನೆ ಕಟ್ಟಲಿಲ್ಲ. ಡ್ರೋನ್ ಹಾರಿಸುವವನು ತನ್ನ ಇಷ್ಟದಿಂದ ಹಾರಿಸುತ್ತಾನೆ. ಮಾಳಿಗೆಯ ಮೇಲಿರುವ ಹೆಣ್ಣುಮಗಳು ತನ್ನ ಇಷ್ಟದಿಂದ ಕ್ಯಾಮೆರಾದಡಿ ಬಂದವಳಲ್ಲ. "ಯಾರ್ದಪಾ ಇದು?" ಎಂದು ಅವಳು ತಲೆ ಎತ್ತಿ ಕೇಳಿದರೆ ಉತ್ತರ ಸಿಗಬೇಕು. ಇಬ್ಬರ ಖಾಸಗಿತನಗಳನ್ನೂ ತಕ್ಕಡಿಯಲ್ಲಿಟ್ಟರೆ ಯಾವುದು ಭಾರ ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪನ್ನು ಕೆಲವರು ನನ್ನ ಮುಂದೆ ಹಿಡಿಯುತ್ತಾರೆ. ಅದು ನಮಗೆ ಹೆಮ್ಮೆಯ ತೀರ್ಪು. ಅದಕ್ಕೆ ಕಾರಣರಾದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಹಕ್ಕನ್ನು ಎತ್ತಿಹಿಡಿದರು. ಆದರೆ ತೀರ್ಪು ಅಲ್ಲಿಗೇ ನಿಲ್ಲುವುದಿಲ್ಲ. ಸರ್ಕಾರ ಈ ಹಕ್ಕಿಗೆ ಮಿತಿ ಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಹಾಕುವ ಮಿತಿ ಆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಇರಬೇಕು ಎಂದು ಅಲ್ಲಿ ಹೇಳಿದೆ. ಹೆಸರಿಲ್ಲದ, ವಿಳಾಸವಿಲ್ಲದ, ಒಂದು ಸಾಲಿನ ಸಂಖ್ಯೆ ಈ ಅಳತೆಯಲ್ಲಿ ಸೋಲುವುದಿಲ್ಲ. ಅದೇ ಅಳತೆಯನ್ನು ಹಿತ್ತಲ ಮೇಲೆ ನಿಂತ ಅನಾಮಿಕ ಕ್ಯಾಮೆರಾಕ್ಕೆ ಹಿಡಿದು ನೋಡಿ. ಅಮೆರಿಕದಲ್ಲಿ ಹಾರಾಟದ ವೇಳೆ ಡ್ರೋನು ತನ್ನ ಗುರುತನ್ನು ರೇಡಿಯೊ ಮೂಲಕ ಬಿತ್ತರಿಸಬೇಕೆಂಬ ನಿಯಮವನ್ನು ಖಾಸಗಿತನದ ಹೆಸರಿನಲ್ಲಿ ಪ್ರಶ್ನಿಸಿದಾಗಲೂ ಅಲ್ಲಿಯ ಮೇಲ್ಮನವಿ ನ್ಯಾಯಾಲಯ 2022ರಲ್ಲಿ ನಿಯಮವನ್ನೇ ಎತ್ತಿಹಿಡಿಯಿತು.

"ನೂರು ಅಡಿ ಮೇಲಿರೋ ಡ್ರೋನಿನ ನಂಬರ್ ಯಾರ ಕಣ್ಣಿಗೆ ಕಾಣತೈತಿ?" ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ಅಕ್ಷರಗಳು 3 ಮಿಲಿಮೀಟರಿಗಿಂತ ಎತ್ತರ ಇದ್ದರೆ ಸಾಕು ಎನ್ನುತ್ತದೆ ನಿಯಮ. ಅದನ್ನು ಕೈಯಲ್ಲಿ ಹಿಡಿದೇ ಓದಬೇಕು. ಸಂಖ್ಯೆ ಇರುವುದು ಡ್ರೋನ್ ಕೆಳಗೆ ಬಂದಾಗಿನ ಲೆಕ್ಕಕ್ಕೆ. ಇಳಿದಾಗ, ಬಿದ್ದಾಗ, ಸಿಕ್ಕಿಬಿದ್ದಾಗ. ಡ್ರೋನ್ ಹಾರಿಸಿದವರಿಗೆ ಗೊತ್ತು, ಅದು ಬೀಳುವುದು ಅಪರೂಪವಲ್ಲ: ಬ್ಯಾಟರಿ ಮುಗಿಯುತ್ತದೆ, ಗಾಳಿಗೆ ತೂರಿಹೋಗುತ್ತದೆ, ಹದ್ದು ಎರಗುತ್ತದೆ, ವಿದ್ಯುತ್ ತಂತಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಬಿದ್ದರೆ ಎಲ್ಲಿ ಬೀಳುತ್ತದೆ? ಹೆಚ್ಚಾಗಿ ಕಬ್ಬಿನಲ್ಲಿ. ಆಳೆತ್ತರ ದಾಟಿ ಬೆಳೆದ ಕಬ್ಬಿನೊಳಗೆ ಬಿದ್ದದ್ದು ಮಾಲೀಕನಿಗೆ ಸಿಗುವುದಿಲ್ಲ, ತಿಂಗಳುಗಳ ಮೇಲೆ ಕಡಿಯುವ ಗ್ಯಾಂಗಿನವರಿಗೆ ಸಿಗುತ್ತದೆ. ಮೈಮೇಲೆ ನಂಬರಿದ್ದರೆ ಅದು ಠಾಣೆಗೆ ಹೋಗಿ ನಿಮ್ಮ ಮನೆಗೆ ಮರಳಿ ಬರಬಹುದು. ಇಲ್ಲದಿದ್ದರೆ ಸಿಕ್ಕವರದು.

ಇನ್ನೊಂದು ಬೀಳುವಿಕೆಯೂ ಇದೆ, ಅದು ಹೆಚ್ಚು ಕಷ್ಟದ್ದು. ಡ್ರೋನಿನ ಲಿಥಿಯಂ ಬ್ಯಾಟರಿ ಪೆಟ್ಟು ತಿಂದರೆ ಹೊತ್ತಿಕೊಳ್ಳಬಲ್ಲದು. ಕಟಾವಿಗೆ ಬಂದ ಕಬ್ಬಿನ ಒಣ ರವದಿಗೆ ಒಂದು ಕಿಡಿ ಸಾಕು. ತಂತಿ ತಾಗಿ ಕಬ್ಬು ಸುಟ್ಟಾಗ ರೈತ ಪರಿಹಾರಕ್ಕೆ ಎಷ್ಟು ಬಾಗಿಲು ಬಡಿಯುತ್ತಾನೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಕೇಳಲು ವಿದ್ಯುತ್ ಕಂಪನಿಯಾದರೂ ಇದೆ. ಹೆಸರಿಲ್ಲದ ಡ್ರೋನಿನಿಂದ ಬೆಂಕಿ ಬಿದ್ದರೆ ಅವನು ಯಾರನ್ನು ಕೇಳಬೇಕು? ನಮ್ಮ ದೇಶದ 2021ರ ಡ್ರೋನ್ ನಿಯಮಗಳು 250 ಗ್ರಾಂ ದಾಟಿದ ಡ್ರೋನಿಗೆ ಮೂರನೆಯವರ ವಿಮೆ ಬೇಕೆನ್ನುತ್ತವೆ, ನಮ್ಮ ವಾಹನಗಳಿಗೆ ಇರುವ ಹಾಗೆಯೇ. ಯಾರ ಡ್ರೋನ್ ಎಂದೇ ತಿಳಿಯದಿದ್ದರೆ ಆ ವಿಮೆ ಯಾರ ಉಪಯೋಗಕ್ಕೆ?

ಸಂಖ್ಯೆಯನ್ನು ಒಳಗೆ, ಬ್ಯಾಟರಿಯ ಗೂಡಿನಲ್ಲಿ ಬರೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಮೊದಲು ಹಾಗೆಯೇ ಇತ್ತು. ಬಿದ್ದ ಡ್ರೋನಿನೊಳಗೆ ಯಾರಾದರೂ ಸ್ಫೋಟಕ ಅಡಗಿಸಿಟ್ಟಿದ್ದರೆ ನಂಬರು ನೋಡಲು ಗೂಡು ತೆರೆದ ಪೊಲೀಸನ ಪ್ರಾಣಕ್ಕೇ ಸಂಚಕಾರ ಎಂಬ ಕಾರಣಕ್ಕೆ 2019ರ ಫೆಬ್ರುವರಿ 25ರಿಂದ ಹೊರಮೈಮೇಲೆ ಬರೆಯುವುದನ್ನು ಕಡ್ಡಾಯ ಮಾಡಿದರು. ನಮ್ಮಲ್ಲಿ ಬಿದ್ದ ಡ್ರೋನನ್ನು ಮೊದಲು ಮುಟ್ಟುವವರು ಪೊಲೀಸರಲ್ಲ, ಕುತೂಹಲದಿಂದ ಓಡಿಬರುವ ಹುಡುಗರು. ಬಿಚ್ಚಿ ನೋಡುವ ಅಗತ್ಯವೇ ಇರಬಾರದು.

ಕೆಟ್ಟ ಕೆಲಸ ಮಾಡುವವನು ನಂಬರು ಬರೆಯುತ್ತಾನೆಯೇ ಎಂಬುದು ಮುಂದಿನ ಮಾತು. ಬರೆಯುವುದಿಲ್ಲ. ಆಗ ನಂಬರಿಲ್ಲದಿರುವುದೇ ಅವನನ್ನು ಹಿಡಿದು ಕೇಳಲು ಸಾಕಾಗುವ ಕಾರಣ. ಈಗ ಒಳ್ಳೆಯವನದೂ ಕೆಟ್ಟವನದೂ ಒಂದೇ ಥರ ಕಾಣುತ್ತವೆ. ಅದರ ಫಲ ಒಳ್ಳೆಯವನೇ ಉಣ್ಣುತ್ತಾನೆ.

ಕಾನೂನು ಈಗಾಗಲೇ ಇದೆಯಲ್ಲ ಎನ್ನುವವರು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮನ್ನು ತೋರಿಸುತ್ತಾರೆ. ಹೆಣ್ಣುಮಗಳೊಬ್ಬಳ ಖಾಸಗಿ ಕ್ಷಣವನ್ನು ಕದ್ದು ನೋಡಿದವನಿಗೆ, ಚಿತ್ರ ತೆಗೆದವನಿಗೆ ಮೊದಲ ಸಲ ಒಂದರಿಂದ ಮೂರು ವರ್ಷ, ಮತ್ತೆ ಮಾಡಿದರೆ ಮೂರರಿಂದ ಏಳು ವರ್ಷ ಜೈಲು. ಒಳ್ಳೆಯ ಕಾನೂನು. ಆದರೆ ದೂರಿನಲ್ಲಿ ಆರೋಪಿಯ ಜಾಗದಲ್ಲಿ ಏನು ಬರೆಯಬೇಕು? "ಆಕಾಶದಲ್ಲಿ ಬಂದು ಹೋದ ಯಾವುದೋ ಒಂದು ಡ್ರೋನ್" ಎಂದೇ? ಶಿಕ್ಷೆಯ ಕಾನೂನಿಗೂ ತಪ್ಪಿತಸ್ಥನಿಗೂ ನಡುವೆ ಒಂದು ಕೊಂಡಿ ಬೇಕು. ಡ್ರೋನ್ ಕೈಗೆ ಸಿಕ್ಕ ದಿನ ಆ ಕೊಂಡಿ ಸಂಖ್ಯೆಯೇ.

ಪೊಲೀಸರ ಕಿರುಕುಳದ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಮದುವೆಯ ಡ್ರೋನಿನಿಂದ ಹೊಟ್ಟೆ ಹೊರೆಯುವ ವಿಡಿಯೊಗ್ರಾಫರ್‌ಗಳು ಇದನ್ನು ಹೇಳುವಾಗ ಅವರ ದನಿಯಲ್ಲಿ ಆತಂಕ ಇರುತ್ತದೆ. ಅವರದು ಹವ್ಯಾಸವಲ್ಲ, ದುಡಿಮೆ. ಆದರೆ ಯಂತ್ರ ಅದೇ, ಅನುಮಾನವೂ ಅದೇ. ಯೋಚಿಸಿ ನೋಡಿ, ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಯಲ್ಲೋ ಮಹಾಲಿಂಗಪುರದ ಮಹಾಲಿಂಗೇಶ್ವರ ಜಾತ್ರೆಯಲ್ಲೋ ಒಂದು ಅನಾಮಿಕ ಡ್ರೋನ್ ಜನರ ಮೇಲೆ ಬಿದ್ದರೆ ಮುಂದೇನಾಗುತ್ತದೆ? ಮರುವರ್ಷ ಎಲ್ಲ ಡ್ರೋನಿಗೂ ನಿಷೇಧ. ಯಾರದೆಂದು ಗೊತ್ತಾದರೆ ಒಬ್ಬ ಉತ್ತರ ಕೊಡುತ್ತಾನೆ, ಉಳಿದವರ ಕೆಲಸ ನಡೆಯುತ್ತದೆ. ಠಾಣೆಯಲ್ಲಿ ಗಂಟೆಗಟ್ಟಲೆ ಕಾದು ಬಿಲ್ಲು ತೋರಿಸುವುದಕ್ಕಿಂತ ಮೈಮೇಲಿನ ಸಂಖ್ಯೆ ತೋರಿಸಿ ಮನೆಗೆ ಹೋಗುವುದು ಮೇಲು.

ನಾನು ಪೂರ್ತಿ ಒಪ್ಪುವ ಆಕ್ಷೇಪ ಒಂದಿದೆ. ಹಲವರ ಕೈಯಲ್ಲಿರುವುದು ವಿದೇಶಿ ಡ್ರೋನ್. 2022ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು. ಆಮೇಲೂ ಅವು ಯಾವುಯಾವುದೋ ದಾರಿಯಲ್ಲಿ ಬಂದವು, ಮಾರಾಟವಾದವು. ಸಾಲ ಮಾಡಿ ಕೊಂಡ ಹುಡುಗನಿಗೆ ನೋಂದಣಿಯೇ ಸಿಗದಿದ್ದರೆ ಅವನು ಏನೆಂದು ಬರೆಯಬೇಕು? ಇದಕ್ಕೆ ಪರಿಹಾರ ಸರ್ಕಾರದ ಅನುಭವದಲ್ಲೇ ಇದೆ. 2020ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಸಚಿವಾಲಯ ದಾಖಲೆಯಿಲ್ಲದ ಡ್ರೋನುಗಳ ಮಾಲೀಕರು ಆ ತಿಂಗಳ 31ರೊಳಗೆ ತಾವಾಗಿ ಮುಂದೆ ಬಂದು ವಿವರ ಕೊಡಲು ಅವಕಾಶ ಕೊಟ್ಟು, ಡ್ರೋನಿಗೊಂದು, ಮಾಲೀಕರಿಗೊಂದು ಸಂಖ್ಯೆ ನೀಡಿತ್ತು. ಅಂಥ ಬಾಗಿಲನ್ನು ಇನ್ನೊಮ್ಮೆ ತೆರೆಯಲಿ. ಈ ಬೇಡಿಕೆಗೆ ವಿಡಿಯೊಗ್ರಾಫರ್ ಸಂಘಗಳು ಮುಂದಾದರೆ ಊರಿನವರೂ ಸಹಿ ಹಾಕಬೇಕು.

ಖರ್ಚಿನ ಮಾತನ್ನು ಬೇಗ ಮುಗಿಸುತ್ತೇನೆ. 2021ರ ನಿಯಮದಲ್ಲಿ ನೋಂದಣಿ ಶುಲ್ಕ 100 ರೂಪಾಯಿ. ಮಾಸದ ಮಾರ್ಕರ್ ಪೆನ್ನಿಗೆ ಅದಕ್ಕಿಂತ ಕಡಿಮೆ. 2018ರ ನಿಯಮಗಳು ಬೆಂಕಿಗೆ ಸುಡದ ಫಲಕದ ಮೇಲೆ ಸಂಖ್ಯೆ ಕೆತ್ತಿಸಬೇಕು ಎಂದಿದ್ದವು, ನಾನು ಅಷ್ಟನ್ನೂ ಕೇಳುತ್ತಿಲ್ಲ.

ಮುಂದೆ ಡ್ರೋನುಗಳು ತಾವಾಗಿಯೇ ಗುರುತು ಬಿತ್ತರಿಸುತ್ತವೆ, ಸ್ಟಿಕ್ಕರ್ ಹಳೆಯ ಕಾಲದ್ದು ಎನ್ನುವವರಿಗೂ ಒಂದು ಮಾತು. ಅಂಥ ಸಂಕೇತ ವ್ಯವಸ್ಥೆಗೆ 2021ರ ನಿಯಮಗಳಲ್ಲಿ ಜಾಗವಿದೆ, ಸರ್ಕಾರ ಮುಂದೆ ಸೂಚಿಸಬಹುದು ಎಂದಷ್ಟೇ. ಅದು ಬಂದರೂ ಬ್ಯಾಟರಿ ಸತ್ತ ಡ್ರೋನ್ ಏನನ್ನೂ ಬಿತ್ತರಿಸುವುದಿಲ್ಲ. ಸಂಕೇತ ಹಿಡಿಯುವ ಆ್ಯಪ್ ಹೊಲದಲ್ಲಿ ಕೆಲಸ ಮಾಡುವ ಮುದುಕನ ಫೋನಿನಲ್ಲಿ ಇರುವುದೂ ಇಲ್ಲ. ಬರಹ ಯಾರ ಕಣ್ಣಿಗಾದರೂ ಕಾಣುತ್ತದೆ.

ದೆಹಲಿಯ ಆದೇಶಕ್ಕೆ ಕಾಯದೆ ನಾವೇ ಶುರು ಮಾಡಬಹುದು. ಜಾತ್ರಾ ಸಮಿತಿಯವರಲ್ಲಿ, ಕಲ್ಯಾಣ ಮಂಟಪ ನಡೆಸುವವರಲ್ಲಿ, ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ನನ್ನ ವಿನಂತಿ: ಈ ವರ್ಷದಿಂದ ಅನುಮತಿ ಕೊಡುವಾಗ ಮೈಮೇಲೆ ನಂಬರಿರುವ ಡ್ರೋನಿಗೆ ಮಾತ್ರ ಕೊಡಿ, ಆ ನಂಬರನ್ನು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಹೆಸರು ವಿಳಾಸವನ್ನು ಸೂಚನಾ ಫಲಕದ ಮೇಲೆ ಹಾಕಬೇಡಿ. ಡ್ರೋನ್ ಇಟ್ಟುಕೊಂಡ ತಮ್ಮಂದಿರೇ, ನೋಂದಣಿ ಇದ್ದವರು ಇವತ್ತೇ ಅದರ ಸಂಖ್ಯೆಯನ್ನು ಹೊರಮೈಮೇಲೆ ಬರೆಯಿರಿ. ಇಲ್ಲದವರು ಅದು ಸಿಗುವವರೆಗೆ ಜನವಸತಿಯ ಮೇಲೆ ಹಾರಿಸಬೇಡಿ.