ಬೈರಿಗೆಯ ತೂತೂ ಬಿ.ಎ. ಪದವಿಯೂ

ಗುಡವಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಪಕ್ಷಿಧಾಮ. ಸೊರಬ ಎಂದರೆ ಗುಡಿಗಾರರ ಶ್ರೀಗಂಧದ ಕೆತ್ತನೆ. ನಮ್ಮೂರಿನ ಬಡಗಿಯ ಕೊಟ್ಟಿಗೆಯನ್ನು ನೋಡಲು ಮಾತ್ರ ಯಾರೂ ಬರುವುದಿಲ್ಲ. ಆ ಕೊಟ್ಟಿಗೆಯಲ್ಲಿ ಬೆಳೆದವನು ನಾನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. "ಬಿ.ಎ. ಓದುವವನಿಗೆ ಬೈರಿಗೆ, ಉಳಿಗಳ ಗೊಡವೆ ಏಕೆ?" ಎಂದು ಗೆಳೆಯರು ಕೇಳುವುದುಂಟು. ಅದಕ್ಕೆ ನನ್ನ ಉತ್ತರವೇ ಈ ಬರಹ.

ನಮ್ಮ ಸೀಮೆಯಲ್ಲಿ ಭತ್ತವನ್ನು ಕೂರಿಗೆಯಿಂದ ಬಿತ್ತುವ ಪದ್ಧತಿ ಹಳೆಯದು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂರಿಗೆಯನ್ನು ಕಂಡು ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಕೂರಿಗೆಯ ಪ್ರಾಣವೆಲ್ಲ ಅದರ ತೂತುಗಳಲ್ಲಿದೆ. ದಿಂಡಿನ ತೂತುಗಳು ಸಮ ಅಂತರದಲ್ಲಿ, ಒಂದೇ ಓರೆಯಲ್ಲಿ ಇರದಿದ್ದರೆ ತಾಳುಗಳು ಸಾಲು ತಪ್ಪುತ್ತವೆ. ಬೀಜದ ಬಟ್ಟಲಿನ ತೂತುಗಳು ನಡುವಿನಿಂದ ಸಮದೂರದಲ್ಲಿ ಇರದಿದ್ದರೆ ಒಂದು ಬಿದಿರ ಕೊಳವೆಗೆ ಕಾಳು ಹೆಚ್ಚು, ಇನ್ನೊಂದಕ್ಕೆ ಕಡಿಮೆ.

ಮೂರು ತೂತು ಬೇಕಾದಾಗ ನಮ್ಮ ತಂದೆಯವರು ಕೈವಾರದಿಂದ ವೃತ್ತವೆಳೆದು, ಅದೇ ಅಗಲದಲ್ಲಿ ಕೈವಾರವನ್ನು ವೃತ್ತದ ಗೆರೆಯ ಮೇಲೆ ಹೆಜ್ಜೆಯಿಡಿಸುತ್ತಾರೆ. ಆರನೆಯ ಹೆಜ್ಜೆಗೆ ಅದು ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಒಂದು ಬಿಟ್ಟು ಒಂದು ಗುರುತು ಹಿಡಿದರೆ ಮೂರು ಸ್ಥಾನಗಳು ಸಿದ್ಧ. ಯೂಕ್ಲಿಡನ ನಾಲ್ಕನೆಯ ಪುಸ್ತಕದಲ್ಲಿರುವ ಈ ಸಂಗತಿಯನ್ನು, ಯೂಕ್ಲಿಡನ ಹೆಸರನ್ನೇ ಕೇಳದ ಅವರು ತಮ್ಮ ತಂದೆಯಿಂದ ಕಲಿತರು. ಗುರುತಿನ ಮೇಲೆ ಮೊಳೆಯಿಂದ ಕುಟ್ಟಿ ಸಣ್ಣ ಕುಳಿ ಮಾಡಬೇಕು. ಇಲ್ಲವಾದರೆ ಬೈರಿಗೆಯ ಮೊನೆ ಗಟ್ಟಿ ಎಳೆಯಿಂದ ಮೆತ್ತನೆಯ ಎಳೆಗೆ ಜಾರುತ್ತದೆ. ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ಮೂಲೆಮಟ್ಟವನ್ನು ಎರಡು ಕಡೆ ಇಟ್ಟು ನೋಡಬೇಕು. ಮೊನೆ ಆಚೆ ಇಣುಕಿದೊಡನೆ ಮರವನ್ನು ಮಗುಚಿ ಆ ಬದಿಯಿಂದ ಕೊರೆದರೆ ಅಂಚು ಸಿಬಿರೇಳುವುದಿಲ್ಲ.

ಎರಡು ವರ್ಷದ ಹಿಂದೆ ರಜೆಯಲ್ಲಿ ಒಂದು ಬಟ್ಟಲನ್ನು ತಂದೆಯವರು ನಂಬಿ ನನ್ನ ಕೈಗೆ ಕೊಟ್ಟರು. ವಿದ್ಯುತ್ ಡ್ರಿಲ್ ಇರುವಾಗ ಮೊಳೆ ಕುಟ್ಟುವುದೇಕೆಂದು ನೇರವಾಗಿ ಕೊರೆದೆ. ಮೊನೆ ಜಾರಿ ಒಂದು ತೂತು ಕಡ್ಡಿಯಷ್ಟು ಸರಿಯಿತು. ಯಾರಿಗೂ ಹೇಳಲಿಲ್ಲ. ಮಳೆ ಬಿದ್ದು ಪೈರು ತಲೆಯೆತ್ತಿದಾಗ ನೆರೆಯವರ ಗದ್ದೆಯಲ್ಲಿ ಮೂರಕ್ಕೊಂದು ಸಾಲು ತೆಳುವಾಗಿತ್ತು. ತಂದೆಯವರು ಬಯ್ಯಲಿಲ್ಲ. "ನಿನ್ನ ತೂತು ನೋಡು ಬಾ, ಮಗಾ" ಎಂದು ಬದುವಿನ ಮೇಲೆ ನಿಲ್ಲಿಸಿದರು. ಪರೀಕ್ಷೆಯಲ್ಲಿ ನಾನು ತಪ್ಪಿದರೆ ಹೋಗುವುದು ನನ್ನ ಅಂಕ. ಅಲ್ಲಿ ಹೋದದ್ದು ಇನ್ನೊಬ್ಬರ ಅನ್ನ.

ಬಡಗಿಯ ಮಗ ಬಡಗಿಯೇ ಆಗಬೇಕೆಂದು ನಾನು ವಾದಿಸುತ್ತಿಲ್ಲ. ಹುಟ್ಟಿನಿಂದ ಹೇರಿದ ಕಸುಬು ಹೊರೆಯೇ ಸರಿ. ಅದನ್ನು ಇಳಿಸಲೆಂದೇ ತಂದೆಯವರು ನನ್ನನ್ನು ಇಲ್ಲಿಗೆ ಕಳುಹಿಸಿದರು. ಆದರೆ ಹೊರೆಯನ್ನು ಇಳಿಸುವಾಗ ಅದರೊಳಗಿನ ಅರಿವನ್ನೂ ಎಸೆಯಬೇಕೆ? ಟ್ರ್ಯಾಕ್ಟರ್ ಬಂದಿದೆ, ಕೂರಿಗೆ ಇನ್ನೆಷ್ಟು ದಿನ ಎನ್ನುವವರಿದ್ದಾರೆ. ಟ್ರ್ಯಾಕ್ಟರ್ ಎಳೆಯುವ ಕೂರಿಗೆಗೂ ಸಾಲು ಸಮನಾಗಿಯೇ ಬರಬೇಕು. ಯಂತ್ರ ಬೇಗ ಕೊರೆದೀತು. ಎಲ್ಲಿ ಕೊರೆಯಬೇಕೆಂಬುದನ್ನು ಮನುಷ್ಯನೇ ನಿಶ್ಚಯಿಸಬೇಕು.

ಆದ್ದರಿಂದ ನನ್ನದೊಂದು ವಿನಂತಿ. ನಮ್ಮಲ್ಲಿ ಬಡಗಿ, ಕಮ್ಮಾರ, ಕುಂಬಾರ, ರೈತರ ಮಕ್ಕಳು ಅನೇಕರಿದ್ದೇವೆ. ಪ್ರತಿಯೊಬ್ಬರೂ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತು ಅವರ ಉಪಕರಣಗಳ ಹೆಸರು, ಅಳತೆ, ಕ್ರಮಗಳನ್ನು ಬರೆದು ತರೋಣ. ಅಧ್ಯಾಪಕರು ಅದನ್ನು ತಿದ್ದಿ ಗ್ರಂಥಾಲಯದಲ್ಲಿ ಇರಿಸಲಿ. ಅಕ್ಷರ ಬಾರದ ಹಿರಿಯರು ನಮಗೆ ಅಕ್ಷರ ಕೊಡಿಸಿದರು. ಆ ಅಕ್ಷರದಲ್ಲಿ ಅವರ ವಿದ್ಯೆಯನ್ನು ಬರೆದಿಡುವುದು ನಮ್ಮ ಮೊದಲ ಋಣ.