ಪುಸ್ತಕದ ಬದನೆಕಾಯಿ ಮತ್ತು ಓದದವರ ಭಾಷಣ

ಈಗ ಏನು ಓದ್ತಿದ್ದೀರಿ ಅಂತ ಇಬ್ಬರು ಮೂವರು ಕೇಳಿದ್ರು. ಜಪಾನಿನ ಮಸನೊಬು ಫುಕುವೋಕಾ ಅವರ 'ಒಂದು ಹುಲ್ಲಿನ ಕ್ರಾಂತಿ' ಓದ್ತಿದ್ದೀನಿ. ಮೇಲುಕೋಟೆಯ ಸಂತೋಷ್ ಕೌಲಗಿಯವರು ಕನ್ನಡಕ್ಕೆ ತಂದಿರೋದು. ಇದು ಎರಡನೇ ಸಲದ ಓದು. ದಪ್ಪ ಪುಸ್ತಕ ಏನಲ್ಲ, ಮನಸ್ಸು ಮಾಡಿದ್ರೆ ಎರಡು ದಿನಕ್ಕೆ ಮುಗಿಯುತ್ತೆ. ನನಗೆ ಒಂದು ತಿಂಗಳಾದ್ರೂ ಮುಗಿದಿಲ್ಲ. ರಾತ್ರಿ ಹತ್ತು ಪುಟ ಓದೋದು, ಬೆಳಗ್ಗೆ ಹೊಲದಲ್ಲಿ ಆ ಅಜ್ಜನ ಜೊತೆ ಜಗಳ ಆಡೋದು, ಹೀಗೆ ನಡೀತಿದೆ.

ಮತ್ತೆ ಕೈಗೆ ತಗೊಳ್ಳೋಕೆ ಕಾರಣ ಒಂದು ಭಾಷಣ. ದುಡ್ಡು ಕಟ್ಟಿ ಒಂದು ತರಬೇತಿಗೆ ಹೋಗಿದ್ದೆ. ಬಂದಿದ್ದ ಮಹನೀಯರು ಒಂದೂವರೆ ಗಂಟೆ ಫುಕುವೋಕಾ ಫುಕುವೋಕಾ ಅಂದ್ರು. "ಏನೂ ಮಾಡಬೇಡಿ ಅಂದಿದ್ದಾರೆ ಅವರು. ಬೀಜ ಎಸೀರಿ, ಮನೆಗೆ ಹೋಗಿ. ಮಿಕ್ಕಿದ್ದು ಪ್ರಕೃತಿ ನೋಡ್ಕೊಳುತ್ತೆ" ಅಂದ್ರು. ಚಪ್ಪಾಳೆ ಬಿತ್ತು. ಟೀ ಕುಡಿಯುವಾಗ ಹತ್ತಿರ ಹೋಗಿ, ಸಾರ್ ಈ ಮಾತು ಪುಸ್ತಕದಲ್ಲಿ ಎಲ್ಲಿ ಬರುತ್ತೆ ಅಂತ ಕೇಳಿದೆ. ಪುಸ್ತಕ ಓದಿಲ್ಲ, ವಿಡಿಯೋ ನೋಡಿದ್ದೀನಿ ಅಂದ್ರು. ಪುಣ್ಯಾತ್ಮ, ಸುಳ್ಳಂತೂ ಹೇಳಲಿಲ್ಲ.

ಪುಸ್ತಕದಲ್ಲಿ ಏನಿದೆ ಅಂತ ಹೇಳ್ತೀನಿ ಕೇಳಿ. ಉಳುಮೆ ಬೇಡ, ರಾಸಾಯನಿಕ ಗೊಬ್ಬರ ಬೇಡ, ತಿಪ್ಪೆ ಮಾಡಿ ಕೊಳೆಸಿದ ಗೊಬ್ಬರವೂ ಬೇಡ, ಕಳೆ ತೆಗೆಯೋಕೆ ಉಳೋದೂ ಬೇಡ ಔಷಧಿಯೂ ಬೇಡ, ವಿಷ ಹೊಡೆಯೋದು ಬೇಡ. ಇಷ್ಟು ಎಲ್ಲರಿಗೂ ಗೊತ್ತು. ಆದ್ರೆ ಆ ಮನುಷ್ಯ ವರ್ಷ ಪೂರ್ತಿ ಏನು ಮಾಡ್ತಿದ್ದರು? ಅಕ್ಟೋಬರ್ ಶುರುವಿನಲ್ಲಿ, ಭತ್ತ ಇನ್ನೂ ಪೈರಲ್ಲಿ ನಿಂತಿರುವಾಗಲೇ, ಅದರ ನಡುವೆ ಬಿಳಿ ಕ್ಲೋವರ್ ಮತ್ತು ಬಾರ್ಲಿ ಚೆಲ್ಲೋದು. ಕ್ಲೋವರ್ ಅಂದ್ರೆ ನೆಲಕ್ಕೆ ಹಬ್ಬೋ ದ್ವಿದಳ ಗಿಡ, ನಮ್ಮ ಹಸಿರೆಲೆ ಗೊಬ್ಬರದ ಪೈರಿನ ಹಾಗೆ. ಭತ್ತ ಕುಯ್ದು, ಬಡಿದು, ಹುಲ್ಲನ್ನೆಲ್ಲ ವಾಪಸ್ ಅದೇ ಗದ್ದೆಗೆ ಹರಡೋದು. ಬಾರ್ಲಿ ಎಳೇದಿರುವಾಗಲೇ ನವೆಂಬರ್ ಡಿಸೆಂಬರ್ ಹೊತ್ತಿಗೆ ಭತ್ತದ ಬೀಜವನ್ನ ಇಲಿ ಹಕ್ಕಿ ತಿನ್ನದ ಹಾಗೆ ಜೇಡಿಮಣ್ಣಿನ ಉಂಡೆ ಮಾಡಿ ಚೆಲ್ಲೋದು. ತೆಳ್ಳಗೆ ಕೋಳಿಗೊಬ್ಬರ. ಮೇ ತಿಂಗಳಲ್ಲಿ ಬಾರ್ಲಿ ಕುಯ್ಲು, ಅದರ ಹುಲ್ಲೂ ಗದ್ದೆಗೇ. ಜೂನ್ ಮಳೆಗೆ ಒಂದು ವಾರ ಹತ್ತು ದಿನ ನೀರು ಕಟ್ಟಿ ಕ್ಲೋವರ್ರೂ ಕಳೆಯೂ ಸೊರಗೋ ಹಾಗೆ ಮಾಡಿ ಭತ್ತಕ್ಕೆ ದಾರಿ ಬಿಡೋದು. ಇದು ಏನೂ ಮಾಡದವನ ಪಂಚಾಂಗವಾ ಸ್ವಾಮಿ? ಒಂದು ವಾರ ಹೆಚ್ಚುಕಮ್ಮಿ ಆದ್ರೆ ಕಟ್ಟಿದ ಲೆಕ್ಕವೆಲ್ಲ ತಪ್ಪಿಹೋಗೋ ಬೇಸಾಯ ಇದು. ಹೀಗೆ ಮಾಡಿ ಹತ್ತು ಗುಂಟೆಗೆ ಸುಮಾರು 5 ರಿಂದ 6 ಕ್ವಿಂಟಾಲ್ ಬೆಳೀತಿದ್ದರು. ಈ ಸರಳತೆಗೆ ಬರೋಕೆ ಮೂವತ್ತು ವರ್ಷ ಹಿಡೀತು ಅಂತ ಅವರೇ ಬರೆದಿದ್ದಾರೆ.

ಇನ್ನೊಂದು ಭಾಗ ಇದೆ, ಅದನ್ನ ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಫುಕುವೋಕಾ ಮೊದಲು ಯೊಕೊಹಾಮಾ ಬಂದರಿನ ಸುಂಕದ ಕಚೇರಿಯಲ್ಲಿ ಗಿಡಗಳ ರೋಗ ಪರೀಕ್ಷೆ ಮಾಡೋ ಕೆಲಸದಲ್ಲಿದ್ದರು. ಇಪ್ಪತ್ತೈದನೇ ವಯಸ್ಸಿಗೆ ಕೆಲಸ ಬಿಟ್ಟು ಊರಿಗೆ ಬಂದು, ಅಪ್ಪನ ಕಿತ್ತಳೆ ಜಾತಿಯ ತೋಟ ನೋಡಿಕೊಂಡರು. ಪ್ರಕೃತಿಗೆ ಬಿಡೋಣ ಅಂತ ಕೊಂಬೆ ಸವರೋದು ನಿಲ್ಲಿಸಿದರು. ಕೊಂಬೆಗೆ ಕೊಂಬೆ ಹೆಣೆದುಕೊಂಡವು, ಹುಳ ಬಿತ್ತು, ತೋಟ ಒಣಗಿಹೋಯ್ತು. ಅದು ಸಹಜ ಕೃಷಿ ಆಗಲಿಲ್ಲ, ಬರೀ ಕೈಬಿಟ್ಟದ್ದಾಯ್ತು ಅಂತ ಬಿಚ್ಚಿ ಬರೆದಿದ್ದಾರೆ. ಒಂದು ಸಲ ಕತ್ತರಿ ತಾಗಿದ ಮರಕ್ಕೆ ಮನುಷ್ಯ ಜವಾಬ್ದಾರ, ಅದನ್ನ ನಡುವೆ ಬಿಟ್ಟು ಎದ್ದು ಹೋಗೋ ಹಾಗಿಲ್ಲ ಅನ್ನೋದು ಅದರ ತಾತ್ಪರ್ಯ.

ಈಗ ನಮ್ಮ ಪಕ್ಕದೂರಿನ ಒಬ್ಬ ಹುಡುಗನ ವಿಷಯ. ಬೆಂಗಳೂರಿನ ಕೆಲಸ ಬಿಟ್ಟು ಬಂದ, ಸಾಲ ಮಾಡಿ ಮೂರು ಎಕರೆಗೆ ಕಸಿ ಮಾವು ಇಟ್ಟ. ಕಸಿ ಗಿಡ ಅಂದ್ರೇನೇ ಕತ್ತರಿ ಬಿದ್ದ ಗಿಡ. ಇಂಥದ್ದೇ ಒಂದು ಭಾಷಣ ಕೇಳಿ ಬಂದವನು ಎರಡನೇ ವರ್ಷಕ್ಕೆ ನೀರೂ ನಿಲ್ಲಿಸಿದ, ಕಸಿ ಕಣ್ಣಿನ ಕೆಳಗೆ ಬಂದ ಚಿಗುರು ಮುರಿಯೋದೂ ನಿಲ್ಲಿಸಿದ. ಅರ್ಧಕ್ಕರ್ಧ ಗಿಡ ಹೋದವು. ಉಳಿದವುಗಳಲ್ಲಿ ಎಷ್ಟೋ ಕಡೆ ಕೆಳಗಿನ ನಾಟಿ ಮಾವೇ ಮೇಲೆದ್ದಿದೆ. ಇವತ್ತು ಅವನು "ಸಾವಯವ ಎಲ್ಲ ಬೊಗಳೆ ಅಣ್ಣ" ಅಂತಾನೆ. ಅವನು ಬೈಯೋದು ಫುಕುವೋಕಾನನ್ನ. ಭಾಷಣ ಮಾಡಿದವರು ಇನ್ನೊಂದು ಊರಲ್ಲಿ ಹಾರ ಹಾಕಿಸಿಕೊಳ್ತಿದ್ದಾರೆ. ಆ ನಾಲ್ಕು ಪುಟ ಓದಿ ಹೇಳಿದ್ದಿದ್ರೆ ಸಾಕಿತ್ತು. ನನಗೆ ಸಿಟ್ಟು ಬರೋದು ಇಲ್ಲೇ.

ಹಾಗಂತ ಪುಸ್ತಕ ಹೇಳಿದ್ದಕ್ಕೆಲ್ಲ ಹೂಂ ಅನ್ನೋನು ನಾನಲ್ಲ. ನಂದು ಕೆಂಪು ಮಣ್ಣಿನ ಖುಷ್ಕಿ, ರಾಗಿ, ಅಕ್ಕಡಿಗೆ ಅವರೆ, ತೊಗರಿ, ಹುಚ್ಚೆಳ್ಳು. ಬೆಳೆದ ಹುಲ್ಲನ್ನೆಲ್ಲ ಭೂಮಿಗೆ ಕೊಡು ಅಂತಾರೆ ಅಜ್ಜ. ಕೊಡೋಣ, ದನಕ್ಕೇನು ಹಾಕೋಣ? ರಾಗಿ ಹುಲ್ಲು ಮಾರ್ಚಿಂದ ಜೂನ್‌ವರೆಗೆ ನಮ್ಮ ಹಟ್ಟಿಯ ಪ್ರಾಣ. ಹುಲ್ಲು ಕೊಳ್ಳೋಕೆ ಹೋದ್ರೆ ರಾಗಿ ದುಡ್ಡು ಅದಕ್ಕೇ ಸರಿಹೋಗುತ್ತೆ. ಜೊತೆಗೆ ಕುಯ್ಲಾದ ಮೇಲೆ ಬಯಲು ಊರಿಗೆಲ್ಲ ಸೇರಿದ್ದು, ಕುರಿ ಮೇಕೆ ನುಗ್ಗುತ್ತವೆ. ಅವೂ ಬಿಟ್ಟದ್ದನ್ನ ಗೆದ್ದಲು ಹೊತ್ಕೊಂಡು ಹೋಗುತ್ತೆ. ಅವರ ಗದ್ದೇಲಿ ಚಳಿಗಾಲಕ್ಕೂ ಹಸಿರಿತ್ತು. ನಮ್ಮಲ್ಲಿ ಸಂಕ್ರಾಂತಿ ಕಳೆದ್ರೆ ಯುಗಾದಿವರೆಗೆ ಆಕಾಶ ನೋಡೋದೇ ಕೆಲಸ, ಹುಲ್ಲು ಕೊಳೆಯೋಕೂ ತೇವ ಬೇಕಲ್ಲ. ಹಂಗಾಗಿ ನಾನು ರಾಗಿ ಹುಲ್ಲು ಬಣವೆಗೇ ಒಟ್ಟೋದು. ನೆಲಕ್ಕೆ ತೊಗರಿ ಕಡ್ಡಿ, ಅವರೆ ಹೊಟ್ಟು, ಬದುವಿನ ಹೊಂಗೆ ಸೊಪ್ಪು, ತೆಂಗಿನ ಬುಡಕ್ಕೆ ತೆಂಗಿನ ಗರಿ. ಇದನ್ನ ಪುಸ್ತಕ ಹೇಳಿಲ್ಲ. ಆದ್ರೆ ಯಾಕೆ ಮುಚ್ಚಬೇಕು ಅನ್ನೋದನ್ನ ಪುಸ್ತಕವೇ ಹೇಳಿಕೊಟ್ಟಿತು, ಏನು ಮುಚ್ಚಬೇಕು ಅನ್ನೋದು ನನ್ನ ಹೊಲದ ಲೆಕ್ಕ. ಮನುಷ್ಯನ ತಿಳುವಳಿಕೆಯಿಂದ ಏನೂ ಆಗಲ್ಲ ಅಂತ ಕೊನೆ ಕಡೆ ಉದ್ದಕ್ಕೆ ವಾದ ಮಾಡ್ತಾರಲ್ಲ, ಅದು ನನಗೆ ರುಚಿಸಲಿಲ್ಲ. ಗಿಡದ ರೋಗಶಾಸ್ತ್ರ ಕಲಿತು, ಯುದ್ಧದ ಕಾಲದಲ್ಲಿ ಕೊಚಿ ಅನ್ನೋ ಕಡೆ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದವರು ಹೇಳೋ ಮಾತಾ ಅದು!

ಇನ್ನು ಆ ಕಡೆಯವರು. "ಪುಸ್ತಕದ ಬದನೆಕಾಯಿ ಸಾರಿಗಾಗುತ್ತಾ ಗೌಡ್ರೇ" ಅಂತ ನಗ್ತಾರೆ ಗೊಬ್ಬರದ ಅಂಗಡಿ ಕಟ್ಟೆ ಮೇಲೆ ಕೂತವರು. ಅಂಗಡಿಯವನು ಕೊಟ್ಟ ಬಾಟಲಿ ಮೇಲಿನ ಚೀಟಿಯನ್ನೂ ಓದದೆ ಹೊಡೆಯೋರು ಇವರು. ಎಷ್ಟು ಮಿಲಿ, ಹೊಡೆದು ಎಷ್ಟು ದಿನ ಕಾಯಿ ಕೀಳಬಾರದು ಅಂತ ಅದರಲ್ಲೇ ಬರೆದಿರುತ್ತೆ. ಅಲ್ಲಿ ಓದದವರು, ಇಲ್ಲಿ ಓದದವರು. ನಡುವೆ ರೈತನಿಗೆ ಹೇಳೋರೇ ಎಲ್ಲ, ಓದೋಕೆ ಕೊಡೋರು ಯಾರೂ ಇಲ್ಲ. ನಾನು ಎಸ್ಸೆಸ್ಸೆಲ್ಸಿ. ಈ ಪುಸ್ತಕ ಓದೋಕೆ ಅದಕ್ಕಿಂತ ಹೆಚ್ಚು ಬೇಡ. ದೊಡ್ಡಬಳ್ಳಾಪುರದ ನಾರಾಯಣ ರೆಡ್ಡಿಯವರು ಫುಕುವೋಕಾನಿಂದ ಪ್ರೇರಣೆ ಪಡೆದರೂ ಜಪಾನಿನ ಗದ್ದೆ ತಂದು ಇಲ್ಲಿ ಇಡಲಿಲ್ಲ, ತಮ್ಮ ನೆಲಕ್ಕೆ ತಕ್ಕಂತೆ ಮಾಡಿದರು. ತೇಜಸ್ವಿ ಕೂಡ 'ಸಹಜ ಕೃಷಿ' ಬರೆದದ್ದು ಮೂಡಿಗೆರೆಯಲ್ಲಿ ತೋಟ ಮಾಡ್ಕೊಂಡೇ.

ವರ್ಷಕ್ಕೆ ಐವತ್ತು ಪುಸ್ತಕ ಓದಿದೆ ಅಂತ ಫೋಟೋ ಹಾಕೋರಿಗೆ ನಮಸ್ಕಾರ, ನನ್ನ ಕೈಲಾಗಲ್ಲ. ಇದೊಂದು ಮುಗಿದ ಮೇಲೆ ಆ ಮಾವಿನ ಹುಡುಗನಿಗೆ ಕೊಡ್ತೀನಿ, ತೋಟದ ಆ ಪುಟಕ್ಕೆ ಹುಲ್ಲುಕಡ್ಡಿ ಗುರುತು ಇಟ್ಟು. ಇನ್ನೂ ಒಂದೂವರೆ ಎಕರೆ ಗಿಡ ಜೀವಂತ ಇದೆ ಅವನದು, ಮಳೆಗೆ ಮುಂಚೆ ಕೆಳಗಿನ ಚಿಗುರು ತೆಗೆದ್ರೆ ಉಳಿಯುತ್ತೆ.

ಖುಷ್ಕಿಯಲ್ಲಿ, ದನಾನೂ ಇಟ್ಕೊಂಡು, ಮೂರು ವರ್ಷಕ್ಕಿಂತ ಹೆಚ್ಚು ನೆಲ ಮುಚ್ಚಿ ರಾಗಿ ಬೆಳೆದವರು ಇದ್ದರೆ ಬರೀರಿ. ಮಣ್ಣು ಯಾವುದು, ಮಳೆ ಎಷ್ಟು, ದನ ಎಷ್ಟು, ಗೆದ್ದಲಿಗೆ ಏನು ಮಾಡಿದ್ರಿ, ಇಷ್ಟು ಬರೆದರೆ ಸಾಕು.