ಮಳೆಗೆ ವಿಮೆ ಉಂಟು, ಮರ ಹತ್ತುವವರಿಗೆ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಅಡಿಕೆ ಬೆಳೆಗಾರರನ್ನು ಕೇಳಿದರೂ ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕ ಬಾಯಿಪಾಠ ಇರುತ್ತೆ. ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ರೈತರ ಕಂತು ಶೇ. 5, ಅಂದರೆ 6,400 ರೂಪಾಯಿ. ಮಳೆಮಾಪನ ಕೆಟ್ಟು ಪರಿಹಾರ ತಪ್ಪಿದರೆ ಮನವಿ, ಪ್ರತಿಭಟನೆ, ಶಾಸಕರ ಹೇಳಿಕೆ ಎಲ್ಲ ಆಗುತ್ತೆ. ಆಗಲೇಬೇಕು. ಆದರೆ ಅದೇ ತೋಟದ ಮರದ ತುದಿಯಲ್ಲಿ ನೇತಾಡುವ ಕೊನೆಗೌಡರ ಜೀವಕ್ಕೆ ಎಷ್ಟು ವಿಮೆ ಇದೆ ಅಂತ ಕೇಳಿ ನೋಡಿ. ಹೆಚ್ಚಿನ ಕಡೆ ಸಿಗೋದು ಮೌನ.

ಈ ಕೆಲಸದ ಅಪಾಯವನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಮರ ಪಾಚಿಗಟ್ಟಿ ಜಾರುತ್ತೆ. ಕೊನೆಕೊಯ್ಲಿನಲ್ಲಿ ಒಂದು ಮರದಿಂದಲೇ ಇನ್ನೊಂದಕ್ಕೆ ದಾಟಬೇಕು. ಬಿದ್ದರೆ ಸಾವು, ಇಲ್ಲವೇ ಬೆನ್ನುಹುರಿಗೆ ಪೆಟ್ಟು. ಎರಡನೆಯದರಲ್ಲಿ ಜೀವ ಉಳಿಯುತ್ತೆ, ದುಡಿಮೆ ಉಳಿಯಲ್ಲ. ಮನೆಯ ಇನ್ನೊಬ್ಬರ ದುಡಿಮೆಯೂ ಆರೈಕೆಯಲ್ಲಿ ಕಳೆದುಹೋಗುತ್ತೆ.

ಖಾಸಗಿ ಅಪಘಾತ ವಿಮೆಯ ಕಾಗದಗಳಲ್ಲಿ ಉದ್ಯೋಗಗಳನ್ನು ಅಪಾಯದ ಪ್ರಕಾರ ಮೂರು ಗುಂಪು ಮಾಡಿರುತ್ತಾರೆ. ಅತಿ ಅಪಾಯದ ಮೂರನೇ ಗುಂಪಿನಲ್ಲಿ ಗಣಿಯೊಳಗೆ ಇಳಿಯುವವರು, ಹೈ ಟೆನ್ಶನ್ ವಿದ್ಯುತ್ ಕೆಲಸದವರು, ಸರ್ಕಸ್ಸಿನವರು, ಕುದುರೆ ಜಾಕಿಗಳು, ಪರ್ವತಾರೋಹಿಗಳು, ಹಿಮದ ಮೇಲೆ ಸ್ಕೀಯಿಂಗ್ ಮಾಡುವವರು ಎಲ್ಲ ಬರುತ್ತಾರೆ. ಸ್ಕೀಯಿಂಗ್ ಕಲಿಸುವವರು ಮತ್ತು ನಮ್ಮ ಕೊನೆಗೌಡರು ಒಂದು ವಿಷಯದಲ್ಲಿ ಒಂದೇ: ವರ್ಷದ ಕೆಲವೇ ತಿಂಗಳ ಕೆಲಸ, ಒಂದು ಜಾರಿಕೆ ಸಾಕು ಬದುಕು ಮಗುಚೋಕೆ. ವ್ಯತ್ಯಾಸ ಏನಂದ್ರೆ, ಸ್ಕೀಯಿಂಗ್‌ಗೆ ಆ ಪಟ್ಟಿಯಲ್ಲಿ ಹೆಸರಿದೆ. ಮರ ಹತ್ತೋದು 'ಇದೇ ಬಗೆಯ ಅಪಾಯದ ಇತರೆ ಕೆಲಸ' ಅನ್ನೋ ಸಾಲಿನಲ್ಲಿ ಅಡಗಿದೆ.

ಹಾಗಾಗಿ ಪಾಲಿಸಿ ಮಾಡಿಸುವಾಗ ಏಜೆಂಟರು 'ಕೃಷಿ' ಅಂತಲೋ 'ಕೂಲಿ' ಅಂತಲೋ ಬರೆದುಬಿಟ್ಟರೆ ಒಪ್ಪಬೇಡಿ. 'ಅಡಿಕೆ ಮರ ಹತ್ತುವ ಕೆಲಸ' ಅಂತಲೇ ಬರೆಸಿ. ಕಂತು ತುಸು ಹೆಚ್ಚಾಗಬಹುದು. ಆದರೆ ಜೀವ ವಿಮೆಯಲ್ಲಿ ಮೊದಲ ಮೂರು ವರ್ಷದೊಳಗೆ, ಮುಖ್ಯ ಮಾಹಿತಿ ಮುಚ್ಚಿಟ್ಟಿದ್ದೀರಿ ಅಂತ ಕಂಪನಿ ಪಾಲಿಸಿಯನ್ನೇ ಪ್ರಶ್ನಿಸಲು ವಿಮಾ ಕಾಯ್ದೆಯ 45ನೇ ಕಲಂನಲ್ಲಿ ಅವಕಾಶ ಇದೆ.

ಇರುವ ಯೋಜನೆ, ಇರುವ ತೂತು

ಸರ್ಕಾರದ ಯೋಜನೆಗಳಿಲ್ಲವಾ? ಇವೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ, ಎರಡೂ ಕಾಲಿನ ಸ್ವಾಧೀನ ಶಾಶ್ವತವಾಗಿ ಹೋದರೆ 2 ಲಕ್ಷ ಸಿಗುತ್ತೆ. ಜೀವನ ಜ್ಯೋತಿಯಲ್ಲಿ 436 ರೂಪಾಯಿಗೆ ಯಾವ ಕಾರಣದ ಸಾವಿಗಾದರೂ 2 ಲಕ್ಷ. ಮರದಿಂದ ಬಿದ್ದ ಪ್ರಕರಣಕ್ಕೆ ಕೂಡಲೇ ಸೇರಿದ ಆಸ್ಪತ್ರೆಯ ದಾಖಲೆ ಆಧಾರ ಆಗುತ್ತೆ ಅಂತ ಸುರಕ್ಷಾ ಯೋಜನೆಯ ವಿವರಣೆಯಲ್ಲೇ ಇದೆ. ಅದಕ್ಕೇ ಆಸ್ಪತ್ರೆಯ ಮೊದಲ ಚೀಟಿಯಲ್ಲಿ 'ಮರದಿಂದ ಬಿದ್ದು' ಎಂಬ ಮಾತು ಇರಲೇಬೇಕು.

ತೂತುಗಳೂ ಅಷ್ಟೇ ಸ್ಪಷ್ಟ. ಕಂತು ಖಾತೆಯಿಂದ ಕಡಿತ ಆಗೋದು ಮೇ ಕೊನೆಗೆ. ಕೊಯ್ಲು ಮುಗಿದು ತಿಂಗಳುಗಳಾಗಿ, ಮಳೆಗಾಲದ ಖರ್ಚು ಎದುರಿಗಿರುವ ಹೊತ್ತು ಅದು. ಖಾತೆಯಲ್ಲಿ ಹಣ ಇಲ್ಲದಿದ್ದರೆ ವಿಮೆ ನಿಂತಂತೆ, ಮತ್ತು ಮುಂದಿನ ತಿಂಗಳೇ ಬೋರ್ಡೋ ಹೊಡೆಯುವ ಕೆಲಸ ಶುರು. ಜೀವನ ಜ್ಯೋತಿಗೆ 50 ದಾಟಿದವರು ಸೇರುವಂತಿಲ್ಲ. ಹೊಸ ಹುಡುಗರು ಬಾರದ ಈ ಕಸುಬಿನಲ್ಲಿ ವಯಸ್ಸಾದವರೇ ಮರ ಹತ್ತುತ್ತಿದ್ದಾರೆ. ಸುರಕ್ಷಾ ಯೋಜನೆ ಆಸ್ಪತ್ರೆ ಬಿಲ್ ಕೊಡಲ್ಲ, ಆರು ತಿಂಗಳು ಮಲಗಿದವರ ಕೂಲಿಯನ್ನೂ ಕೊಡಲ್ಲ.

ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ ಇದೆ, ಕಂತಿನ ದೊಡ್ಡ ಪಾಲು ಮಂಡಳಿಯದ್ದೇ. ಅಡಿಕೆ ಮರ ತೆಂಗಿಗಿಂತ ತೆಳು, ಹೆಚ್ಚು ಬಾಗುತ್ತೆ. ಆದರೂ ಇದಕ್ಕೆ ಅಂಥ ಮಂಡಳಿಯಿಲ್ಲ.

ಮಾಲೀಕ ಯಾರು?

ನಿಜವಾದ ಗಂಟು ಇಲ್ಲಿದೆ. ಒಬ್ಬರೇ ಕೊನೆಗೌಡರು ಒಂದು ಸೀಸನ್ನಿನಲ್ಲಿ ಹತ್ತಾರು ತೋಟಕ್ಕೆ ಹೋಗ್ತಾರೆ. ಕೆಲವು ತೋಟ ಚೇಣಿಗೆ ಹೋಗಿರುತ್ತೆ. ಬಿದ್ದ ದಿನ ಜವಾಬ್ದಾರಿ ತೋಟದವರದ್ದಾ, ಚೇಣಿದಾರರದ್ದಾ? ಸಾಮಾನ್ಯವಾಗಿ ಆಗೋದು ಊರಿನ ಹಿರಿಯರ ಪಂಚಾಯಿತಿಕೆ, ಕೈಗೆ ಒಂದಿಷ್ಟು ದುಡ್ಡು. ಕೊಡುವವರ ಒಳ್ಳೆಯತನವನ್ನು ನಾನು ಅಲ್ಲಗಳೆಯಲ್ಲ. ಆದರೆ ಹಕ್ಕು ಬೇರೆ, ದಯೆ ಬೇರೆ.

ಇದೇ ಗಂಟನ್ನು ಬೇರೆ ಕಡೆ ಬಿಚ್ಚಿದ್ದಾರೆ. ಕಟ್ಟಡ ಕಾರ್ಮಿಕರಿಗೆ ನಿರ್ಮಾಣ ವೆಚ್ಚದ ಮೇಲಿನ ಸೆಸ್‌ನಿಂದ ನಿಧಿ ಇದೆ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನ ಮೇಲೆ ಕಲ್ಯಾಣ ಶುಲ್ಕ ಹಾಕುತ್ತೆ. ಮಾಲೀಕ ಯಾರು ಅಂತ ಹುಡುಕುತ್ತಾ ಕೂರದೆ, ವಹಿವಾಟು ನಡೆಯುವ ಜಾಗದಲ್ಲೇ ಹಣ ಹಿಡಿಯೋದು ಇವೆರಡರ ಉಪಾಯ. ನಮ್ಮಲ್ಲಿ ಆ ಜಾಗ ಮಂಡಿ. ಮ್ಯಾಮ್‌ಕೋಸ್, ಆಪ್ಸ್‌ಕೋಸ್‌ನಂಥ ಸಹಕಾರಿಗಳಲ್ಲಿ ಪ್ರತಿ ಕ್ವಿಂಟಲ್‌ಗೂ ಲೆಕ್ಕ ಇದೆ. ಕ್ವಿಂಟಲ್‌ಗೆ 10 ರೂಪಾಯಿ ವಂತಿಗೆ ಅಂದುಕೊಳ್ಳಿ. 50 ಸಾವಿರದ ಧಾರಣೆಯಲ್ಲಿ ಅದು ಸಾವಿರಕ್ಕೆ 20 ಪೈಸೆ. ಎರಡು ಕ್ವಿಂಟಲ್ ಮಾರಿದರೆ ಒಬ್ಬರ ಸುರಕ್ಷಾ ಕಂತು ಹುಟ್ಟುತ್ತೆ. ಒಂದು ಹೆಕ್ಟೇರಿನ ಬೆಳೆ ವಿಮೆಗೆ ರೈತರು ಕಟ್ಟುವ 6,400 ರೂಪಾಯಿಯಲ್ಲಿ 14 ಜನರಿಗೆ ಎರಡೂ ಯೋಜನೆಯ ಕಂತು ಕಟ್ಟಬಹುದು.

ಅರ್ಧ ಎಕರೆಯ ರೈತರಿಗೆ ಇನ್ನೊಂದು ಹೊರೆ ಯಾಕೆ ಅನ್ನೋ ಪ್ರಶ್ನೆ ನ್ಯಾಯವೇ. ಅದಕ್ಕೇ ಕ್ವಿಂಟಲ್ ಲೆಕ್ಕ ಒಳ್ಳೇದು: ಹೆಚ್ಚು ಮಾರಿದವರು ಹೆಚ್ಚು ಕೊಡ್ತಾರೆ. ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಮರ ಹತ್ತೋದೇ ಬೇಡ ಅನ್ನುವವರೂ ಇದ್ದಾರೆ. ದೋಟಿ ಬರಲಿ, ಸಬ್ಸಿಡಿಯೂ ಸಿಗಲಿ. ಆದರೆ ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತೆ, ತಂತಿ ತಾಗಿದರೆ ಕಥೆ ಮುಗೀತು. ಉಪಕರಣ ಬದಲಾದ ಮಾತ್ರಕ್ಕೆ ವಿಮೆಯ ಅಗತ್ಯ ಹೋಗಲ್ಲ.

1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ಪ್ರಶ್ನೆಗೆ. ಯಾರ ಪಾಲು ಎಷ್ಟು ಅಂತ ಅಳೆಯುವ ಅಧಿಕಾರ ಯಾರದ್ದು ಅನ್ನೋದು ಆ ಹೋರಾಟದ ತಿರುಳು. ಇವತ್ತು ಅಳೆಯಬೇಕಾದ್ದು ಅಪಾಯದ ಪಾಲು. ಅಡಿಕೆಯ ಲಾಭ ತೋಟದಿಂದ ಮಂಡಿ, ಮಂಡಿಯಿಂದ ಗುಟ್ಕಾ ಕಂಪನಿವರೆಗೆ ಹಂಚಿಹೋಗುತ್ತೆ. ಅಪಾಯ ಮಾತ್ರ ಮರದ ತುದಿಯಲ್ಲಿರುವ ಒಬ್ಬರದ್ದೇ.

ಸೆಪ್ಟೆಂಬರ್ ಹೊತ್ತಿಗೆ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ನಡೆಯುತ್ತೆ, ಅದರ ಬೆನ್ನಿಗೇ ಕೊನೆಕೊಯ್ಲು. ನಿಮ್ಮ ಮನೆಯವರು ಷೇರುದಾರರಾಗಿದ್ದರೆ ಅವರ ಕೈಲಿ ಒಂದು ಪ್ರಶ್ನೆ ಬರೆದು ಕೊಡಿಸಿ: ನಮ್ಮ ಅಡಿಕೆ ಇಳಿಸುವವರ ಪಟ್ಟಿ ಸಂಘದಲ್ಲಿದೆಯಾ? ಪಟ್ಟಿ ಇಲ್ಲದೆ ವಿಮೆ ಇಲ್ಲ. ಅಲ್ಲಿಂದಲೇ ಶುರುಮಾಡೋಣ.